ನಡುಮೈದಾನದ ಕೆಂಪಯ್ಯನವರು

ಇತಿಹಾಸದ ಪಾಠ ಹೇಳುತ್ತಾ ಆಯುಷ್ಯದ ಬಹುಭಾಗ ಕಳೆದ ಮೇಷ್ಟ್ರಿಗೆ ಫುಟ್‌ಬಾಲಿನ ಉಸಾಬರಿ ಏಕೆ ಎಂದು ತಲೆಬರಹ ಓದಿದ ಹಿರಿಯ ಮಿತ್ರರು ಹುಬ್ಬೇರಿಸಬಹುದು. ನಮ್ಮ ಉಡುಪಿ ಸೀಮೆಯಲ್ಲಿ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಅದರ ಅನಂತರ ಕಂಬಳ, ಕಬಡ್ಡಿ, ವಾಲಿಬಾಲ್, ಈಚೆಗೆ ಎಲ್ಲವನ್ನೂ ನುಂಗುತ್ತಿರುವ ಕ್ರಿಕೆಟ್. ಕಾಲ್ಚೆಂಡಾಟದ ಪಾಲಿಗೆ ಇಲ್ಲಿ ಉಳಿದದ್ದು ಮಳೆಗಾಲದ ಕೆಸರು ಮೈದಾನಗಳು, ಇಳಿತದ ಹೊತ್ತಿನ ಕಾಪು ಕಡಲತೀರ, ಮತ್ತು ನಾಲ್ಕು ವರ್ಷಕ್ಕೊಮ್ಮೆ ಬರುವ ವಿಶ್ವಕಪ್ಪಿನ ನಿದ್ದೆಗೆಟ್ಟ ರಾತ್ರಿಗಳು.

ಅಂಥ ವಿಶ್ವಕಪ್ಪು ಬಂದಾಗ ಮಣಿಪಾಲದ ರಸ್ತೆಗಳ ಬಣ್ಣವೇ ಬೇರೆ. ದೇಶದ ನಾನಾ ಮೂಲೆಗಳಿಂದ ಬಂದ ವಿದ್ಯಾರ್ಥಿಗಳು ಬ್ರೆಜಿಲಿನ ಹಳದಿ, ಅರ್ಜೆಂಟೀನಾದ ಬಿಳಿನೀಲಿ, ಫ್ರಾನ್ಸಿನ ಕಡುನೀಲಿ ಅಂಗಿ ತೊಟ್ಟು ತಿರುಗುತ್ತಾರೆ. 2018ರಲ್ಲಿ ಫ್ರಾನ್ಸ್ ಗೆದ್ದಾಗ, 2022ರಲ್ಲಿ ಅದೇ ಫ್ರಾನ್ಸ್ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ಒದೆತಗಳಲ್ಲಿ ಸೋತಾಗ, ನೀಲಿ ಅಂಗಿಯ ಬೆನ್ನ ಮೇಲೆ ಎಂಬಪೆ, ಕಾಂಟೆ, ಗ್ರೀಜ್‌ಮನ್ ಎಂಬ ಹೆಸರುಗಳನ್ನು ನಾನೂ ಓದಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಅಂಥದೇ ಅಂಗಿ ತೊಟ್ಟು ಮನೆಗೆ ಬಂದವನು, "ಅಜ್ಜಾ, ನಮ್ಮವರು ಯಾವತ್ತಾದರೂ ಈ ಫ್ರಾನ್ಸಿನವರೊಟ್ಟಿಗೆ ಆಡಿದ್ದುಂಟಾ?" ಎಂದು ಕೇಳಿದ. "ಉಂಟು ಮಾರಾಯ, ಒಲಿಂಪಿಕ್ಸಿನಲ್ಲಿ ಎರಡು ಸಲ ಆಡಿದ್ದಾರೆ. ಎರಡು ಸಲವೂ ನಮ್ಮ ಕನ್ನಡ ನಾಡಿನವರು ತಂಡದಲ್ಲಿದ್ದರು" ಎಂದೆ. ಹುಡುಗ ನಂಬಲಿಲ್ಲ. ನಂಬದಿದ್ದುದು ಅವನ ತಪ್ಪೇನೂ ಅಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಆ ಎರಡು ಪಂದ್ಯಗಳ ನೆವದಲ್ಲಿ ಒಬ್ಬ ಆಟಗಾರರನ್ನು ನೆನೆಯುವುದು ಈ ಲೇಖನದ ಉದ್ದೇಶ. ಅವರ ಹೆಸರು ಮರಿಯಪ್ಪ ಕೆಂಪಯ್ಯ.

ಮೊದಲು ಸ್ವಲ್ಪ ಹಿನ್ನೆಲೆ. ಬೆಂಗಳೂರಿನಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಸ್ಥಾಪಿಸಿದ್ದು 1809ರಲ್ಲಿ. ಗೋರಾ ಪಲ್ಟಣಗಳ ಸಿಪಾಯಿಗಳು ಬಿಡುವಿನ ವೇಳೆಯಲ್ಲಿ ಚೆಂಡು ಒದೆಯುತ್ತಿದ್ದರೆ ಸುತ್ತಲಿನ ಬಡಾವಣೆಗಳ ಹುಡುಗರು ಬೇಲಿಯಾಚೆ ನಿಂತು ನೋಡಿದರು, ಕಲಿತರು, ಕೊನೆಗೆ ಅವರನ್ನೇ ಸೋಲಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳ ಸ್ವತ್ತೇ ಆಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು. ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ಮೊದಲ ಬಾರಿಗೆ 1946–47ರ ಸಾಲಿನಲ್ಲಿ, ಎರಡನೆಯ ಬಾರಿಗೆ 1952–53ರಲ್ಲಿ ಗೆದ್ದಿತು. ಎರಡು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಲಾಢ್ಯ ಬಂಗಾಳ. ಫುಟ್‌ಬಾಲ್ ಎಂದರೆ ಕಲ್ಕತ್ತೆ ಎಂದು ತಿಳಿದವರು ಈ ಲೆಕ್ಕವನ್ನು ಗಮನಿಸಬೇಕು.

ನಮ್ಮ ಕರಾವಳಿ ಆಗ ಈ ಕಥೆಯ ಹೊರಗಿತ್ತು. ಉಡುಪಿ, ಕಾರ್ಕಳಗಳು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಭಾಷೆಯಿಂದ ಬೆಂಗಳೂರು ಹತ್ತಿರ, ಆಡಳಿತದಿಂದ ದೂರ. ಘಟ್ಟದ ಮೇಲಿನ ಸುದ್ದಿ ಘಟ್ಟ ಇಳಿಯುವಷ್ಟರಲ್ಲಿ ಹಳತಾಗುತ್ತಿದ್ದ ಕಾಲ.

ಇನ್ನು ಮೊದಲ ಪಂದ್ಯದ ವಿಷಯ. 1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬಲು ಇನ್ನೂ ಹದಿನೈದು ದಿನ ಬಾಕಿ. ಲಂಡನ್ನಿನ ಹೊರವಲಯದ ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿಗೆ ಎದುರಾಯಿತು. ತಂಡದ ನಾಯಕರು ನಾಗಾ ಬೆಟ್ಟಗಳಿಂದ ಬಂದ, ವೈದ್ಯ ವಿದ್ಯಾಭ್ಯಾಸ ಮಾಡಿದ ತಾಲಿಮೆರೆನ್ ಆವೋ. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ, ಪಾದಕ್ಕೆ ಪಟ್ಟಿ ಸುತ್ತಿಕೊಂಡು. ಪಂದ್ಯದ 30ನೆಯ ನಿಮಿಷದಲ್ಲಿ ರೆನೆ ಕೂರ್ಬೆಂ ಫ್ರಾನ್ಸಿಗೆ ಗೋಲು ಗಳಿಸಿಕೊಟ್ಟ. 70ನೆಯ ನಿಮಿಷದಲ್ಲಿ ಮೈಸೂರಿನ ತಂಡದಿಂದ ಬಂದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಗಳಿಸಿದ ಮೊತ್ತಮೊದಲ ಗೋಲು ಅದು. ಆ ದಿನ ನಮಗೆ ಎರಡು ಪೆನಾಲ್ಟಿ ಒದೆತಗಳು ಸಿಕ್ಕಿದ್ದವು. ಸೈಲೇನ್ ಮನ್ನಾ, ಮಹಾಬೀರ್ ಪ್ರಸಾದ್ ಇಬ್ಬರಿಗೂ ಅವನ್ನು ಗೋಲಾಗಿಸಲು ಆಗಲಿಲ್ಲ. 89ನೆಯ ನಿಮಿಷದಲ್ಲಿ, ಇನ್ನೇನು ಸಮಯ ಮುಗಿಯಿತು ಎನ್ನುವಾಗ, ರೆನೆ ಪೆರ್ಸಿಯೋಂ ಫ್ರಾನ್ಸಿನ ಎರಡನೆಯ ಗೋಲು ಹೊಡೆದ. ಎರಡಕ್ಕೊಂದರಲ್ಲಿ ಸೋತೆವು. ಆದರೂ ಬರಿಗಾಲಿನವರ ಆಟಕ್ಕೆ ಲಂಡನ್ನಿನ ಪ್ರೇಕ್ಷಕರು ಮನಸಾರೆ ಚಪ್ಪಾಳೆ ತಟ್ಟಿದರು.

ಆ ತಂಡದಲ್ಲಿ ಬೆಂಗಳೂರಿನ ಇನ್ನೊಬ್ಬ ಪ್ರತಿಭಾವಂತ ಅಹ್ಮದ್ ಖಾನ್ ಇದ್ದರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ 'ಪಂಚಪಾಂಡವರು' ಎಂದೇ ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಅವರೊಬ್ಬರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು ಹತ್ತಕ್ಕೊಂದರಿಂದ ಮಣ್ಣುಮುಕ್ಕಿಸಿದಾಗ ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ಬಳಿಕವೇ ನಮ್ಮ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು.

ಇಲ್ಲಿ ಒಂದು ಜನಪ್ರಿಯ ದಂತಕಥೆಯನ್ನು ಸರಿಪಡಿಸುವುದು ಇತಿಹಾಸದ ಮೇಷ್ಟ್ರಾಗಿ ನನ್ನ ಕರ್ತವ್ಯ. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತ ಅರ್ಹತೆ ಪಡೆದಿತ್ತು. ಬರಿಗಾಲಲ್ಲಿ ಆಡಬಾರದೆಂದು ತಡೆದುದರಿಂದ ಹೋಗಲಿಲ್ಲ ಎಂದು ಎಲ್ಲೆಡೆ ಹೇಳುತ್ತಾರೆ. ಕೇಳಲು ರೋಚಕವಾದ ಕಥೆ. ಆದರೆ ನಿಜವಾದ ಕಾರಣಗಳು ಸಪ್ಪೆಯಾಗಿದ್ದವು: ಹಡಗಿನ ದೀರ್ಘ ಪ್ರಯಾಣ, ಅಭ್ಯಾಸಕ್ಕೆ ಸಮಯದ ಅಭಾವ, ಎಲ್ಲಕ್ಕಿಂತ ಮಿಗಿಲಾಗಿ ಒಲಿಂಪಿಕ್ಸಿನ ಮುಂದೆ ವಿಶ್ವಕಪ್ಪು ದೊಡ್ಡದೆಂದು ಅಧಿಕಾರಿಗಳಿಗೆ ತೋರದಿದ್ದುದು. ವಿಚಿತ್ರವೆಂದರೆ, ಅದೇ ವಿಶ್ವಕಪ್ಪಿಗೆ ತೆರವಾದ ಸ್ಥಾನದಲ್ಲಿ ಕರೆ ಬಂದಿದ್ದ ಫ್ರಾನ್ಸ್ ಕೂಡ ಬ್ರೆಜಿಲಿನೊಳಗಿನ ಸಾವಿರಾರು ಮೈಲಿ ಓಡಾಟಕ್ಕೆ ಬೇಸತ್ತು ಹಿಂದೆ ಸರಿಯಿತು. ಹೀಗೆ ಆ ವರ್ಷ ಭಾರತವೂ ಫ್ರಾನ್ಸೂ ಮನೆಯಲ್ಲೇ ಉಳಿದವು. ಫ್ರಾನ್ಸಿಗೆ ಮುಂದೆ ಎಷ್ಟೋ ಅವಕಾಶಗಳು ಬಂದವು. ನಮಗೆ ಮತ್ತೆ ಬಾಗಿಲು ತೆರೆಯಲಿಲ್ಲ.

ಈಗ ಕೆಂಪಯ್ಯನವರ ಕಡೆಗೆ ಬರೋಣ. ಅವರು ಹುಟ್ಟಿದ್ದು 1932ರಲ್ಲಿ. ಬೆಂಗಳೂರಿನ ಮೈದಾನಗಳಲ್ಲಿ ಬೆಳೆದು, ಮುಂದೆ ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ಬಿಗೆ ಆಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್, 1960ರ ರೋಮ್ ಒಲಿಂಪಿಕ್ಸ್ ಎರಡರಲ್ಲೂ ಭಾರತದ ತಂಡದಲ್ಲಿದ್ದರು. ಅವರ ಜಾಗ ನಡುಮೈದಾನ. ಆಗಿನ ಮಾತಿನಲ್ಲಿ ಹಾಫ್ ಬ್ಯಾಕ್, ಇಂದಿನ ಹುಡುಗರ ಮಾತಿನಲ್ಲಿ ಮಿಡ್‌ಫೀಲ್ಡರ್.

ಆಟ ತಿಳಿಯದವರಿಗಾಗಿ ಎರಡು ಮಾತು. ಹಳೆಯ ಪದ್ಧತಿಯಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಫುಲ್ ಬ್ಯಾಕ್, ಅವರ ಮುಂದೆ ಮೂವರು ಹಾಫ್ ಬ್ಯಾಕ್, ತುದಿಯಲ್ಲಿ ಐವರು ಫಾರ್ವರ್ಡ್ ಇರುತ್ತಿದ್ದರು. ಕ್ರಮೇಣ ರಕ್ಷಣೆಗೆ ಮೂವರು ಬೇಕೆಂದಾದಾಗ ನಡುವಿನ ಮೂವರಲ್ಲಿ ಒಬ್ಬನನ್ನು ಹಿಂದಕ್ಕೆ ಎಳೆದುಕೊಂಡರು. ನಡುವೆ ಉಳಿದ ಇಬ್ಬರ ಪಾಲಿಗೆ ಮೂವರ ಕೆಲಸ ಬಂತು. ಎದುರಾಳಿ ನುಗ್ಗಿ ಬಂದಾಗ ಹಿಂದೆ ಓಡಿ ಅಡ್ಡ ನಿಲ್ಲಬೇಕು. ಚೆಂಡು ಕೈವಶವಾದ ಕೂಡಲೇ ತಲೆಯೆತ್ತಿ ಮುಂದಿನವರಿಗೆ ದಾಟಿಸಬೇಕು. ದಾಟಿಸಿದ ಮೇಲೆ ಅವರ ಬೆನ್ನಿಗೆ ಮತ್ತೆ ಮುಂದೆ ಓಡಬೇಕು. ತೊಂಬತ್ತು ನಿಮಿಷ ಇದೇ ದುಡಿಮೆ. ಗೋಲು ಬಿದ್ದರೆ ಹೆಸರು ಫಾರ್ವರ್ಡಿನದು, ಗೋಲು ತಪ್ಪಿದರೆ ಹೊಗಳಿಕೆ ಗೋಲ್‌ಕೀಪರನದು. ನಡುವಿನವನಿಗೆ ಸಿಗುವುದು ಬೆವರು.

ನಮ್ಮ ಯಕ್ಷಗಾನದ ಹಿಮ್ಮೇಳವನ್ನು ನೆನಪಿಸಿಕೊಳ್ಳಿ. ಭಾಗವತರನ್ನು ಎಲ್ಲರೂ ಬಲ್ಲರು, ಚೆಂಡೆ ಮದ್ದಳೆಯವರಿಗೂ ಅಭಿಮಾನಿಗಳಿದ್ದಾರೆ. ಬದಿಯಲ್ಲಿ ಕುಳಿತು ಬೆಳಗಿನವರೆಗೆ ಶ್ರುತಿ ಹಿಡಿಯುವವರ ಹೆಸರು ಕರಪತ್ರದ ಯಾವ ಮೂಲೆಯಲ್ಲಿರುತ್ತದೆ? ಅವರು ಅರೆಗಳಿಗೆ ಕೈಬಿಟ್ಟರೆ ಮಾತ್ರ ಗೊತ್ತಾಗುತ್ತದೆ, ರಾತ್ರಿಯಿಡೀ ಆಟ ನಿಂತದ್ದು ಯಾವುದರ ಮೇಲೆ ಎಂದು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳ ರಚನೆಯಾಗಿ ನಮ್ಮ ದಕ್ಷಿಣ ಕನ್ನಡ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಉಡುಪಿಯೂ ಬೆಂಗಳೂರೂ ಒಂದೇ ರಾಜ್ಯದೊಳಗೆ ಬಂದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದು, ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಎನಿಸಿದರು. ಒಲಿಂಪಿಕ್ ಫುಟ್‌ಬಾಲಿನ ಉಪಾಂತ್ಯ ತಲಪಿದ ಮೊದಲ ಏಷ್ಯನ್ ತಂಡ ಎಂಬ ಕೀರ್ತಿ ನಮ್ಮದಾಯಿತು. ಉಪಾಂತ್ಯದಲ್ಲಿ ಯುಗೊಸ್ಲಾವಿಯದ ಎದುರು ಮೊದಲ ಗೋಲು ಹೊಡೆದೂ 4–1ರಿಂದ ಸೋತು, ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಕ್ಕೆ 3–0ರಿಂದ ಮಣಿದು, ನಾಲ್ಕನೆಯ ಸ್ಥಾನದಲ್ಲಿ ನಿಂತೆವು. ಆ ತಂಡದಲ್ಲಿ ಕೆಂಪಯ್ಯನವರು ಇದ್ದರೆಂಬುದನ್ನು ಹೊಸ ರಾಜ್ಯದ ಶಾಲೆಗಳಲ್ಲಿ ಓದಿದ ನಮ್ಮ ತಲೆಮಾರಿಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ.

ಆ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರು ಎಂಬುದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. 2024ರಲ್ಲಿ ಅವರ ಬದುಕಿನ ಮೇಲೆ 'ಮೈದಾನ್' ಎಂಬ ಹಿಂದಿ ಚಲನಚಿತ್ರ ಬಂದುದರಿಂದ ಅವರ ಹೆಸರು ಮತ್ತೆ ಜನರ ಬಾಯಲ್ಲಿ ಓಡಾಡಿತು.

ನಾಲ್ಕು ವರ್ಷದ ನಂತರ ರೋಮ್. ನಮಗೆ ಸಿಕ್ಕಿದ್ದು ಹಂಗೆರಿ, ಫ್ರಾನ್ಸ್, ಪೆರು ಇದ್ದ ಕಠಿಣ ಗುಂಪು. ಆಗಸ್ಟ್ 26ರಂದು ಹಂಗೆರಿಗೆ 2–1ರಿಂದ ಸೋತೆವು. ತುಳಸೀದಾಸ್ ಬಲರಾಂ ಒಂದು ಗೋಲು ಗಳಿಸಿದರು. ಆ ಹಂಗೆರಿ ಮುಂದೆ ಕಂಚು ಗೆದ್ದ ತಂಡ. ಆಗಸ್ಟ್ 29ರಂದು ಗ್ರೊಸ್ಸೆತೊ ಎಂಬ ಪಟ್ಟಣದಲ್ಲಿ ಫ್ರಾನ್ಸಿನೊಂದಿಗೆ ಪಂದ್ಯ. 71ನೆಯ ನಿಮಿಷದಲ್ಲಿ ನಾಯಕ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದು ಭಾರತವನ್ನು ಮುಂದೆ ನಿಲ್ಲಿಸಿದರು. ಹನ್ನೊಂದು ನಿಮಿಷ ಫ್ರಾನ್ಸಿನ ಒಲಿಂಪಿಕ್ ತಂಡ ಭಾರತಕ್ಕಿಂತ ಹಿಂದಿತ್ತು. 82ನೆಯ ನಿಮಿಷದಲ್ಲಿ ಜೆರಾರ್ ಕ್ವಾನ್ಸೋನ್ ಸಮ ಮಾಡಿದ. ಪಂದ್ಯ 1–1ರಲ್ಲಿ ಮುಗಿಯಿತು. ಸೆಪ್ಟೆಂಬರ್ 1ರಂದು ಪೆರುವಿಗೆ 3–1ರಿಂದ ಸೋತು ಗುಂಪಿನ ತಳದಲ್ಲಿ ಉಳಿದು ಮರಳಿದೆವು. ಅಂದು ಸೈಮನ್ ಸುಂದರರಾಜ್ ಹೊಡೆದ ಗೋಲಿನ ನಂತರ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡ ಗೋಲು ಹೊಡೆದದ್ದಿಲ್ಲ. ಅಲ್ಲಿಗೆ ಹೋಗುವ ಅರ್ಹತೆಯೇ ಮತ್ತೆ ಸಿಗಲಿಲ್ಲ.

ಗ್ರೊಸ್ಸೆತೊ ಪಂದ್ಯದ ದಾಖಲೆಯನ್ನು ತೆರೆದು ನೋಡಿ. ಊರು, ದಿನಾಂಕ, ಒಂದು-ಒಂದು ಎಂಬ ಅಂಕೆ, ಮತ್ತು ಇಬ್ಬರ ಹೆಸರು. ಆಡಿದವರು ಇಪ್ಪತ್ತೆರಡು ಮಂದಿ. ಫಲಿತಾಂಶದ ಸಾಲಿನಲ್ಲಿ ಉಳಿದವರು ಇಬ್ಬರು. ಕಾಪುವಿನಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ಕಂಡವರಿಗೆ ನನ್ನ ಮಾತು ಅರ್ಥವಾದೀತು. ಹತ್ತಾರು ಮಂದಿ ಎರಡು ತುದಿಯಲ್ಲಿ ಹಗ್ಗ ಹಿಡಿದು ಅಲೆಯ ಎದುರು ಕಾಲೂರಿ ಎಳೆಯುತ್ತಾರೆ. ದಡದಲ್ಲಿ ಲೆಕ್ಕ ಹಾಕುವುದು ಬುಟ್ಟಿಯೊಳಗಿನ ಮೀನಿಗೆ. ಹಗ್ಗ ಹಿಡಿದ ಕೈಗಳ ಲೆಕ್ಕ ಯಾವ ಪುಸ್ತಕಕ್ಕೂ ಏರುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. 1960ರಲ್ಲಿ ಗ್ರೊಸ್ಸೆತೊದಲ್ಲಿ ಆಡಿದ್ದು ಫ್ರಾನ್ಸಿನ ಅತ್ಯುತ್ತಮ ತಂಡವೇ? ಅಲ್ಲ. ಒಲಿಂಪಿಕ್ಸಿಗೆ ಆಗ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಹಣಕ್ಕಾಗಿ ಆಡುವ ವೃತ್ತಿಪರರಿಗೆ ನಿಷೇಧ. ಫ್ರಾನ್ಸಿನಲ್ಲಿ ವೃತ್ತಿಪರ ಲೀಗ್ ಶುರುವಾದದ್ದು 1932ರಲ್ಲಿ, ಅಂದರೆ ನಮ್ಮ ಕೆಂಪಯ್ಯನವರು ಹುಟ್ಟಿದ ವರ್ಷದಲ್ಲೇ. ಆದ್ದರಿಂದ ಆ ದೇಶದ ಅತ್ಯಂತ ಪ್ರಸಿದ್ಧ ಆಟಗಾರ, ಕೆಂಪಯ್ಯನವರಿಗಿಂತ ಬರಿಯ ಒಂದು ವರ್ಷ ಹಿರಿಯನಾದ ರೇಮಂ ಕೋಪಾ, ಅಂದು ಮೈದಾನದಲ್ಲಿ ಇರುವಂತಿರಲಿಲ್ಲ.

ಕೋಪಾನ ಕಥೆಯನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಆತನ ಮನೆತನದ ಹೆಸರು ಕೊಪಾಷೆವ್‌ಸ್ಕಿ. ಪೋಲೆಂಡಿನಿಂದ ವಲಸೆ ಬಂದ ಗಣಿ ಕಾರ್ಮಿಕರ ಕುಟುಂಬ. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಯಲ್ಲಿ ಹದಿಹರೆಯದಲ್ಲೇ ಕೆಲಸಕ್ಕೆ ಇಳಿದು, ಅಪಘಾತದಲ್ಲಿ ಎಡಗೈಯ ತೋರುಬೆರಳಿನ ಭಾಗವನ್ನು ಕಳೆದುಕೊಂಡವನು. ಭೂಮಿಯ ಹೊಟ್ಟೆಯಿಂದ ಅವನನ್ನು ಮೇಲೆತ್ತಿದ್ದು ಫುಟ್‌ಬಾಲ್. 1949ರಲ್ಲಿ ಆಂಜೆ, 1951ರಲ್ಲಿ ರೀಮ್ಸ್, 1956ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್. ಅಲ್ಲಿ ಸತತ ಮೂರು ಬಾರಿ ಯುರೋಪಿಯನ್ ಕಪ್ಪು. 1958ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಮೂರನೆಯ ಸ್ಥಾನ ಪಡೆದಾಗ ಜುಸ್ತ್ ಫೊಂತೇನ್ 13 ಗೋಲು ಹೊಡೆದು ದಾಖಲೆ ಮಾಡಿದ. ಅವುಗಳಲ್ಲಿ ಹಲವಕ್ಕೆ ಚೆಂಡು ಒದಗಿಸಿದವನು ಕೋಪಾ. ಅದೇ ವರ್ಷ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ 'ಬಾಲೋಂ ದೋರ್' ಅವನಿಗೆ ಬಂತು. ಆ ಗೌರವ ಪಡೆದ ಮೊದಲ ಫ್ರೆಂಚ್ ಆಟಗಾರ ಅವನೇ.

ಇಷ್ಟಾದ ಮೇಲೆ ಆತ ಸುಖವಾಗಿದ್ದನೆಂದು ನೀವು ಭಾವಿಸಬಹುದು. ಆದರೆ ಆ ಕಾಲದ ಫ್ರೆಂಚ್ ಕರಾರಿನ ಪ್ರಕಾರ ಆಟಗಾರ ಒಮ್ಮೆ ಸಹಿ ಹಾಕಿದರೆ 35 ವರ್ಷ ವಯಸ್ಸಾಗುವ ತನಕ ಆ ಕ್ಲಬ್ಬಿನ ಸ್ವತ್ತು. ಅವನನ್ನು ಕೇಳದೆಯೇ ಕ್ಲಬ್ಬು ಅವನನ್ನು ಬೇರೊಂದಕ್ಕೆ ಮಾರಬಹುದಿತ್ತು. 1961ರಲ್ಲಿ ಆಟಗಾರರ ಸಂಘ ಕಟ್ಟಿದವರಲ್ಲಿ ಕೋಪಾನೂ ಒಬ್ಬ. 1963ರಲ್ಲಿ ಆಟಗಾರರು ಗುಲಾಮರೆಂದು ಬಹಿರಂಗವಾಗಿ ಹೇಳಿ ಶಿಸ್ತುಕ್ರಮಕ್ಕೆ ಗುರಿಯಾದ. 1969ರಲ್ಲಿ ನಿಗದಿತ ಅವಧಿಯ ಕರಾರು ಬಂದು ಆ ಪದ್ಧತಿ ಕೊನೆಗೊಂಡಿತು. ಅಷ್ಟು ಹೊತ್ತಿಗೆ ಕೋಪಾ ಆಡುವುದನ್ನು ನಿಲ್ಲಿಸಿದ್ದ. ಆ ಸ್ವಾತಂತ್ರ್ಯದ ಫಲ ಉಂಡವರು ಅವನ ನಂತರದವರು. ಆತ ತೀರಿಕೊಂಡದ್ದು 2017ರಲ್ಲಿ.

ನಮ್ಮಲ್ಲಿ ಏನಿತ್ತು? ಹೆಸರಿಗೆ ಎಲ್ಲರೂ ಹವ್ಯಾಸಿಗಳು. ಹೊಟ್ಟೆಪಾಡಿಗೆ ರೈಲ್ವೆಯಲ್ಲೋ, ಸರಕಾರಿ ಕಾರ್ಖಾನೆಯಲ್ಲೋ, ಬ್ಯಾಂಕಿನಲ್ಲೋ ಒಂದು ನೌಕರಿ. ಪಿ. ಕೆ. ಬ್ಯಾನರ್ಜಿಯವರೇ ಈಸ್ಟರ್ನ್ ರೈಲ್ವೆಯ ನೌಕರರು. ಆ ತಂಡಕ್ಕೆ ಆಡಿ 1958ರಲ್ಲಿ ಕಲ್ಕತ್ತಾ ಲೀಗ್ ಗೆಲ್ಲಿಸಿದವರು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳು ಎಷ್ಟೋ ಆಟಗಾರರ ಮನೆಯ ಒಲೆ ಉರಿಸಿದವು. ಬ್ಯಾಂಕುಗಳ ತವರೂರಾದ ನಮ್ಮ ಉಡುಪಿಯವರಿಗೆ 'ಕ್ರೀಡಾ ಕೋಟಾ' ಎಂಬ ಮಾತು ಅಪರಿಚಿತವಲ್ಲ. ನಾನು ಪಾಠ ಹೇಳಿದ ಕೆಲವು ಹುಡುಗರೂ ಆ ದಾರಿಯಲ್ಲೇ ನೌಕರಿ ಹಿಡಿದರು. ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಫ್ರಾನ್ಸಿನ ಆಟಗಾರನಿಗೆ ಆಟವೇ ಅನ್ನವಾಯಿತು, ಆದರೆ ಅವನು ಕ್ಲಬ್ಬಿನ ಸ್ವತ್ತಾದ. ನಮ್ಮ ಆಟಗಾರನಿಗೆ ಪಿಂಚಣಿಯ ಭರವಸೆ ಇತ್ತು, ಆದರೆ ಅವನ ಆಟಕ್ಕೆ ಬೆಲೆಯನ್ನೇ ಕಟ್ಟಲಿಲ್ಲ. ಯಾವುದು ಮೇಲೆಂದು ತೀರ್ಮಾನಿಸುವುದು ಸುಲಭವಲ್ಲ. ಒಂದು ವ್ಯತ್ಯಾಸ ಮಾತ್ರ ಸ್ಪಷ್ಟ: ಬೆಲೆ ಕಟ್ಟಿದ ಕೆಲಸಕ್ಕೆ ದಾಖಲೆ ಹುಟ್ಟುತ್ತದೆ. ಕೋಪಾನ ಪ್ರತಿ ಪಂದ್ಯ, ಪ್ರತಿ ಕರಾರು, ಪ್ರತಿ ಮಾತು ಬರಹದಲ್ಲಿ ಉಳಿದಿದೆ. ಅವನದೇ ಪ್ರಾಯದ ಕೆಂಪಯ್ಯನವರದು ಪಟ್ಟಿಯೊಳಗಿನ ಒಂದು ಹೆಸರಾಗಿ ಉಳಿದಿದೆ.

ನಡುಮೈದಾನದ ದುಡಿಮೆಯನ್ನು ಕಡೆಗಣಿಸುವುದರಲ್ಲಿ ಫ್ರೆಂಚರೇನೂ ಹಿಂದೆ ಬಿದ್ದವರಲ್ಲ. 1998ರಲ್ಲಿ ಫ್ರಾನ್ಸ್ ತನ್ನ ನೆಲದಲ್ಲಿ ವಿಶ್ವಕಪ್ ಗೆದ್ದಾಗ ನಾಯಕನಾಗಿದ್ದವನು ದಿದಿಯೆ ದೆಶಾಂ. ಅಂತಿಮ ಪಂದ್ಯದಲ್ಲಿ ಬ್ರೆಜಿಲಿನ ವಿರುದ್ಧ ಎರಡು ಬಾರಿ ತಲೆಯಿಂದ ಗೋಲು ಹೊಡೆದ ಜಿದಾನ್ ದೇವರಾದ. ದೆಶಾಂ ಕಪ್ಪನ್ನು ಎತ್ತಿಹಿಡಿದ, ಅಷ್ಟೆ. ಇದಕ್ಕೆ ಎರಡು ವರ್ಷ ಮೊದಲು ಅವನದೇ ದೇಶದ ಎರಿಕ್ ಕಾಂತೊನಾ ಅವನನ್ನು 'ನೀರು ಹೊರುವವನು' ಎಂದು ಹಂಗಿಸಿದ್ದ. ದೆಶಾಂ ಫ್ರಾನ್ಸಿಗಾಗಿ ಆಡಿದ ಪಂದ್ಯಗಳು 103. ಹೊಡೆದ ಗೋಲುಗಳು ನಾಲ್ಕೇ ನಾಲ್ಕು. ಗೋಲಿನ ಲೆಕ್ಕದಲ್ಲಿ ನೋಡಿದರೆ ಆತ ಏನೂ ಅಲ್ಲ. ಆದರೆ 1993ರಲ್ಲಿ ಮಾರ್ಸೆಯ ತಂಡದ ನಾಯಕನಾಗಿ ಯುರೋಪಿನ ಚಾಂಪಿಯನ್ಸ್ ಲೀಗ್, 1996ರಲ್ಲಿ ಇಟಲಿಯ ಯುವೆಂಟಸ್ ತಂಡದಲ್ಲಿ ಮತ್ತೆ ಅದೇ ಕಪ್ಪು, 1998ರಲ್ಲಿ ವಿಶ್ವಕಪ್, 2000ದಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಮುಂದೆ 2012ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರನಾಗಿ, 2018ರಲ್ಲಿ ಮಾಸ್ಕೋದಲ್ಲಿ ಮತ್ತೆ ವಿಶ್ವಕಪ್ ಗೆದ್ದ. ಆಟಗಾರನಾಗಿಯೂ ತರಬೇತುದಾರನಾಗಿಯೂ ವಿಶ್ವಕಪ್ ಗೆದ್ದವರು ಅವನಿಗಿಂತ ಮೊದಲು ಇಬ್ಬರೇ: ಬ್ರೆಜಿಲಿನ ಜಗಾಲೊ, ಜರ್ಮನಿಯ ಬೆಕೆನ್‌ಬಾವರ್.

'ನೀರು ಹೊರುವವನು' ಎಂಬ ಮಾತು ಕಾಂತೊನಾನ ಬಾಯಲ್ಲಿ ಬೈಗುಳ. ನಮ್ಮ ಕಡೆ ಮನೆಯಂಗಳದಲ್ಲಿ ಮದುವೆ ನಡೆಸಿದವರಿಗೆ ಅದು ಬೈಗುಳವಾಗಿ ಕೇಳಿಸದು. ಪಂಕ್ತಿಯಲ್ಲಿ ಬಡಿಸುವವರನ್ನು ಎಲ್ಲರೂ ನೋಡುತ್ತಾರೆ; ಪಾಯಸ ಮಾಡಿದ ಅಡಿಗೆಯವರನ್ನು ಹೊಗಳುತ್ತಾರೆ. ಹಿತ್ತಲ ಬಾವಿಯಿಂದ ನಸುಕಿನಲ್ಲೇ ನೀರು ಸೇದಿ ಹಂಡೆ ತುಂಬಿಸಿದವರು ಊಟಕ್ಕೆ ಕೂರುವುದು ಕೊನೆಯ ಪಂಕ್ತಿಯಲ್ಲಿ. ಅವರಿಲ್ಲದೆ ಒಲೆಯ ಮೇಲೆ ಅಕ್ಕಿ ಬೀಳುತ್ತಿರಲಿಲ್ಲ ಎಂಬುದು ಮನೆಯ ಯಜಮಾನನಿಗೆ ಮಾತ್ರ ಗೊತ್ತು.

ಈಗ ಕಾಲ ಬದಲಾಗಿದೆ. ಕಾಂಟೆಯಂಥ ನಡುಮೈದಾನದ ಆಟಗಾರ ಎಷ್ಟು ಕಿಲೋಮೀಟರ್ ಓಡಿದ, ಎಷ್ಟು ಬಾರಿ ಎದುರಾಳಿಯ ಚೆಂಡನ್ನು ತಡೆದ, ಎಷ್ಟು ಪಾಸುಗಳು ಗುರಿ ಮುಟ್ಟಿದವು ಎಂಬುದನ್ನೆಲ್ಲ ಯಂತ್ರಗಳು ಎಣಿಸುತ್ತವೆ. ಹಾಗಾಗಿಯೇ ಮಣಿಪಾಲದ ಹುಡುಗರ ಬೆನ್ನ ಮೇಲೆ ಕಾಂಟೆಯ ಹೆಸರು ಬಂದಿದೆ. 1960ರಲ್ಲಿ ಅಂಥ ಎಣಿಕೆ ಇದ್ದಿದ್ದರೆ, ರೋಮ್ ಒಲಿಂಪಿಕ್ಸಿನಲ್ಲಿ ಕೆಂಪಯ್ಯ ಮತ್ತವರ ಜತೆಗಾರರು ಬಿಸಿಲಿನಲ್ಲಿ ಓಡಿದ ಮೈಲಿಗಳು ನಮ್ಮ ಕಣ್ಣ ಮುಂದಿರುತ್ತಿದ್ದವು. ಫ್ರಾನ್ಸಿನವರನ್ನು ಸರಿಸಮ ನಿಲ್ಲಿಸಿದ್ದು ಒಂದು ಗೋಲೋ, ಅಥವಾ ಗೋಲಿನ ಮೊದಲೂ ಆಮೇಲೂ ನಡೆದ ಸಾವಿರ ಸಣ್ಣ ಕೆಲಸಗಳೋ ಎಂದು ವಾದಿಸಬಹುದಿತ್ತು.

ಕೆಂಪಯ್ಯನವರು 2008ರಲ್ಲಿ ತೀರಿಕೊಂಡರು. ಬೆಂಗಳೂರಿಗೆ ತನ್ನದೇ ಆದ ವೃತ್ತಿಪರ ತಂಡ, ಬೆಂಗಳೂರು ಎಫ್‌ಸಿ, ಬಂದದ್ದು 2013ರಲ್ಲಿ. ಹತ್ತಾರು ಸಾವಿರ ರೂಪಾಯಿಯ ಬೂಟು, ಲಕ್ಷಗಟ್ಟಲೆ ಸಂಬಳ, ಹೊರದೇಶದ ತರಬೇತುದಾರರು ಬಂದದ್ದನ್ನು ನೋಡಲು ಅವರಿರಲಿಲ್ಲ. 1968–69ರ ಬಳಿಕ ಕೈಗೆಟುಕದ ಸಂತೋಷ್ ಟ್ರೋಫಿಯನ್ನು ಕರ್ನಾಟಕ 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಗೆದ್ದುಕೊಂಡಿತು. ಐವತ್ನಾಲ್ಕು ವರ್ಷಗಳ ಕಾಯುವಿಕೆ! ಮರುದಿನ ಅಜ್ಜರಕಾಡಿನ ಮೈದಾನದ ಬಳಿ ಬೆಳಗಿನ ವಾಯುಸೇವನೆಗೆ ಬಂದ ಪರಿಚಯಸ್ಥರಲ್ಲಿ ಈ ವಿಷಯ ಎತ್ತಿದೆ. ಇಬ್ಬರಿಗೆ ಸುದ್ದಿ ಗೊತ್ತಿತ್ತು. ಆ ತಂಡದ ಒಬ್ಬ ಆಟಗಾರನ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಇತಿಹಾಸದ ಮರೆವು ಯಾವಾಗಲೂ ದುರುದ್ದೇಶದಿಂದ ಆಗುವುದಿಲ್ಲ. ಬರೆಯುವವರು ಎಣಿಸಲು ಸುಲಭವಾದುದನ್ನು ಬರೆದುಕೊಳ್ಳುತ್ತಾರೆ, ಉಳಿದದ್ದು ತಾನಾಗಿ ಅಳಿಯುತ್ತದೆ. ರಾಜರ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದ ವೀರಪಾಂಡ್ಯನ ಹೆಸರು ನಮಗೆ ತಿಳಿದಿದೆ. ಆ ಭಾರವನ್ನು ಬಂಡೆಯ ಮೇಲಕ್ಕೆ ಸಾಗಿಸಿದ ಭುಜಗಳ ಹೆಸರು ತಿಳಿದಿಲ್ಲ. ಆರುನೂರು ವರ್ಷಗಳ ಹಿಂದಿನ ಆ ಮರೆವಿಗೆ ನಾವು ಏನೂ ಮಾಡಲಾರೆವು. ಅರುವತ್ತು ವರ್ಷಗಳ ಹಿಂದಿನದಕ್ಕೆ ಮಾಡಬಹುದು.

ಆದ್ದರಿಂದ ಓದುಗ ಮಿತ್ರರಲ್ಲಿ ನನ್ನದೊಂದು ವಿನಂತಿ. ಉಡುಪಿ, ಕಾರ್ಕಳ, ಕಾಪು ಪರಿಸರದ ಹಳೆಯ ಮನೆಗಳ ಅಟ್ಟದಲ್ಲಿ, ಶಾಲೆಗಳ ಕಪಾಟಿನಲ್ಲಿ, ಯುವಕ ಮಂಡಲಗಳ ಗೋಡೆಯ ಮೇಲೆ ಹಳೆಯ ತಂಡಗಳ ಕಪ್ಪುಬಿಳುಪು ಚಿತ್ರಗಳಿರುತ್ತವೆ. ಮುಂದಿನ ಸಾಲಿನಲ್ಲಿ ಕಪ್ಪು ಹಿಡಿದು ಕುಳಿತ ನಾಯಕನನ್ನು ಯಾರಾದರೂ ಗುರುತಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತವರನ್ನು ಗುರುತಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆ ಚಿತ್ರವನ್ನು ಕೆಳಗಿಳಿಸಿ, ಧೂಳು ಒರೆಸಿ, ಅವರ ಮುಂದೆ ಹಿಡಿಯಿರಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಯಾರು ಯಾವ ಜಾಗದಲ್ಲಿ ಆಡುತ್ತಿದ್ದರೆಂಬುದನ್ನೂ ಬರೆಯಿರಿ; ನಡುವೆ ಆಡುತ್ತಿದ್ದವರದನ್ನು ಮೊದಲು ಬರೆದರೆ ಇನ್ನೂ ಒಳ್ಳೆಯದು.